ಮಿರಜಿನಲ್ಲಿ ಅಡ್ಮಿಟ್ ಆದ ಗಾಡಿ

ಸಾಂಗಲಿಯ ಅರಿಶಿನ ಪೇಟೆಯಲ್ಲಿ ಅಡತಿ ಅಂಗಡಿಯವನ ಪತ ಅವನ ಗಾಡಿಯಿಂದ ತೀರ್ಮಾನವಾಗುತ್ತದೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಅದಕ್ಕೇ ಯಾರೂ ಮುರಿಯುವುದಿಲ್ಲ.

ರೈತ ಅರಿಶಿನ ತಂದು ನಮ್ಮ ಅಂಗಡಿಯಲ್ಲಿ ಇಳಿಸುತ್ತಾನೆ. ಸೌದಾ ನಾವು ಮಾಡಿಸುತ್ತೇವೆ. ಹಣ ಆಮೇಲೆ. ಆ ಆಮೇಲೆಯ ಮೇಲೆ ಅವನಿಗಿರುವ ನಂಬಿಕೆಗೆ ಪತ ಎನ್ನುತ್ತಾರೆ. ಹಿಂದೆ ಇದನ್ನು ಮನುಷ್ಯನ ಮಾತಿನಿಂದ ಅಳೆಯುತ್ತಿದ್ದರು. ಅದಕ್ಕೆ ಬಹಳ ವರ್ಷ ಹಿಡಿಯುತ್ತಿತ್ತು. ಗಾಡಿ ಒಂದೇ ನೋಟಕ್ಕೆ ಕಾಣುತ್ತದೆ.

ನನ್ನದು ಸ್ಕೂಟರ್.

ಕಸಬೆ ಡಿಗ್ರಜದ ಪಾರಿಸಣ್ಣ ನಮ್ಮ ಅಂಗಡಿಯ ದೊಡ್ಡ ರೈತ. ಅವನು ಎತ್ತ ಹೋಗುತ್ತಾನೋ ಆ ಊರಿನ ಅರಿಶಿನವೆಲ್ಲ ಅತ್ತ ಹೋಗುತ್ತದೆ. ಹಂಗಾಮು ಶುರುವಾಗುವ ಮುಂಚೆ ಅಂಗಡಿಗೆ ಬಂದ. ಚಹಾ ಕುಡಿದ. ಬಸಿಯನ್ನು ಕೆಳಗಿಟ್ಟು ಹೇಳಿದ.

“ಸಾವಕಾರ, ಈ ಸಲಾ ಮಾಲು ಹರ್ಷದನ ಅಂಗಡಿಗೆ ಹಾಕಬೇಕಂತ ಮಾಡೇನ್ರಿ.”

ಹರ್ಷದ ನಮ್ಮ ಎದುರು ಅಂಗಡಿಯ ಹುಡುಗ. ಅವನ ಬಿಳಿ ಗಾಡಿ ನಮ್ಮ ಅಂಗಡಿಯ ಬಾಗಿಲಿಗಿಂತ ಅಗಲ.

“ನಮ್ಮಲ್ಲಿ ಏನ ಕಡಿಮಿ ಆತು?” ಎಂದೆ.

“ನಿಮ್ಮ ಮ್ಯಾಲ ವಿಶ್ವಾಸ ಇಲ್ಲಂತಲ್ರಿ. ಖರೇ ಸ್ಕೂಟರ್ ನೋಡಿದ್ರ ಎದಿ ಝಲ್ ಅಂತೈತಿ.”

“ಸ್ಕೂಟರ್ ಚಲೋ ಓಡತೈತಿ.”

“ಅದ ಅಂಜಿಕಿ. ಸ್ಕೂಟರಿನವ ಯಾವ ಗಲ್ಲ್ಯಾಗ ಬೇಕಾದ್ರೂ ನುಸುಳಿ ಓಡಿ ಹೋಗ್ತಾನ. ದೊಡ್ಡ ಗಾಡಿಯಂವ ಎಲ್ಲಿ ಹೋಗ್ತಾನ್ರಿ?”

ಅರಿಶಿನ ಇನ್ನೂ ಕುದಿಸಬೇಕು, ಒಣಗಿಸಬೇಕು, ಅಲ್ಲಿಯತನಕ ವಿಚಾರ ಮಾಡುತ್ತೇನೆ ಎಂದು ಹೇಳಿ ಅವನು ಹೋದ.

ಪಾರಿಸಣ್ಣ ಹೋದರೆ ಅಂಗಡಿ ಮುಚ್ಚಬೇಕಾಗುತ್ತದೆ. ಅದು ನಮ್ಮ ಅಜ್ಜ ತೆರೆದ ಅಂಗಡಿ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಬಾಳವ್ವ ರೊಟ್ಟಿ ಹಾಕುತ್ತ ಅಂದಳು:

“ಅಜ್ಜ ತಗದಾ, ಅಪ್ಪ ನಡಸಿದಾ. ಮುಚ್ಚಾಕ ಒಬ್ಬರು ಬೇಕಲ್ಲ. ನೀವು ಹುಟ್ಟಿದ್ರಿ.”

ಮರುದಿನ ನಾನು ಗಾಡಿ ಹುಡುಕಲು ಹೊರಟೆ.

ಹೊಸ ದೊಡ್ಡ ಗಾಡಿ ಕೊಳ್ಳುವ ಶಕ್ತಿ ನನಗಿರಲಿಲ್ಲ. ಮಿರಜಿನ ಒಬ್ಬ ಹಲ್ಲಿನ ಡಾಕ್ಟರು ತಮ್ಮ ಹಳೆಯ ಪರದೇಶದ ಗಾಡಿ ಮಾರುತ್ತಿದ್ದರು. ಹದಿನಾಲ್ಕು ವರ್ಷದ್ದು. ಕಪ್ಪು ಬಣ್ಣ. ಒಳಗೆ ಚರ್ಮದ ಸೀಟು, ಮೇಲೆ ಗಾಜಿನ ಮಾಡು. ಹೊಸದಾಗಿದ್ದಾಗ ಅದರ ಬೆಲೆಗೆ ಹೊಲ ಬರುತ್ತಿತ್ತಂತೆ. ಈಗ ಹರ್ಷದನ ಬಿಳಿ ಗಾಡಿಗಿಂತ ಎಷ್ಟೋ ಅಗ್ಗ. ಇಷ್ಟು ಅಗ್ಗ ಯಾಕೆ ಎಂದು ನಾನು ಕೇಳಲಿಲ್ಲ. ವ್ಯಾಪಾರಿಯಾದವನು ಅಗ್ಗದ ಮಾಲಿನ ಕಾರಣ ಕೇಳಬಾರದು; ಕೇಳಿದರೆ ದರ ಏರುತ್ತದೆ.

ಮಾಲು ಪರೀಕ್ಷೆ ಮಾಡುವುದು ನನಗೆ ಗೊತ್ತು. ಅರಿಶಿನವಾದರೆ ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡುತ್ತೇವೆ. ಟಣ್ ಎಂದು ಮುರಿಯಬೇಕು. ಗಾಡಿಯನ್ನು ಮುರಿದು ನೋಡಲು ಡಾಕ್ಟರು ಒಪ್ಪಲಿಲ್ಲ. ಆದ್ದರಿಂದ ಬಾನೆಟ್ಟನ್ನು ಬೆರಳಿನಿಂದ ಬಡಿದೆ. ಟಣ್ ಎಂದಿತು. ಮೂಸಿ ನೋಡಿದೆ. ಒಳ್ಳೆಯ ವಾಸನೆ ಇತ್ತು. ಪಾಲಿಶ್ ಬಹಳ ಚೆನ್ನಾಗಿತ್ತು. ನಲವತ್ತು ವರ್ಷ ಈ ಪೇಟೆಯಲ್ಲಿ ಹೊಸ ವ್ಯಾಪಾರಿಗಳಿಗೆಲ್ಲ ನಾನು ಒಂದೇ ಬುದ್ಧಿ ಹೇಳಿದ್ದೇನೆ: ಪಾಲಿಶ್ ನೋಡಿ ಮಾಲು ಕೊಳ್ಳಬೇಡಿ.

ಕೊಂಡೆ.

ಗಾಡಿ ಮನೆಗೆ ಬಂತು. ಬಾಳವ್ವ ಆರತಿ ಮಾಡಿದಳು. ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ಕೇಳಿದಳು.

“ಮಾರಿದವರು ಯಾರ್ರಿ?”

“ಹಲ್ಲಿನ ಡಾಕ್ಟರ್.”

“ಹಲ್ಲಿನ ಡಾಕ್ಟರ್ ಉಳ್ಯಾಕ ಆಗದ್ದನ್ನ ಅಷ್ಟ ಕಿತ್ತ ಒಗೀತಾನಲ್ರಿ?”

ನಾನು ಕೇಳಿಸಲಿಲ್ಲ ಎನ್ನುವಂತೆ ಗಾಲಿ ನೋಡುತ್ತ ನಿಂತೆ.

ಮೊದಲ ದಿನವೇ ಗಾಡಿಯನ್ನು ಡಿಗ್ರಜಕ್ಕೆ ಒಯ್ದೆ. ಪಾರಿಸಣ್ಣನ ಮನೆಯ ಮುಂದೆ ನಿಲ್ಲಿಸಿದೆ. ಹಾರ್ನ್ ಬಾರಿಸಲಿಲ್ಲ. ದೊಡ್ಡ ಗಾಡಿಯವರು ಬಾರಿಸುವುದಿಲ್ಲ. ಜನ ತಾವಾಗಿಯೇ ಕೂಡಿದರು. ಪಾರಿಸಣ್ಣ ಹೊರಗೆ ಬಂದ. ಟೋಪಿ ಸರಿಮಾಡಿಕೊಂಡ. ಆಗ ಗಾಡಿ ಉಸ್ ಎಂದು ದೀರ್ಘವಾಗಿ ಉಸಿರು ಬಿಟ್ಟು, ಮೊದಲು ಹಿಂದಿನಿಂದ, ಆಮೇಲೆ ಮುಂದಿನಿಂದ, ಎಮ್ಮೆ ಕೂತಂತೆ ನೆಲಕ್ಕೆ ಕೂತಿತು.

ಈ ಜಾತಿಯ ಗಾಡಿಗಳು ಸ್ಪ್ರಿಂಗಿನ ಮೇಲೆ ನಿಲ್ಲುವುದಿಲ್ಲ, ಗಾಳಿಯ ಚೀಲದ ಮೇಲೆ ನಿಲ್ಲುತ್ತವೆ. ಚೀಲಕ್ಕೆ ವಯಸ್ಸಾದರೆ ಗಾಳಿ ಹೋಗುತ್ತದೆ. ಇದು ನನಗೆ ಆಮೇಲೆ ತಿಳಿಯಿತು.

“ಇದೇನ್ರಿ ಸಾವಕಾರ, ಕುಂತಬಿಡ್ತು?” ಎಂದ ಪಾರಿಸಣ್ಣ.

“ಹಿರೇರಿಗೆ ಹತ್ತಾಕ ಅನುಕೂಲ ಆಗ್ಲಿ ಅಂತ.”

ಎಲ್ಲರೂ ತಲೆದೂಗಿದರು. ಪಾರಿಸಣ್ಣನ ಅವ್ವ ರತ್ನಾಬಾಯಿಯವರನ್ನು ಕರೆತಂದು ಹತ್ತಿಸಿದರು. ಅವರಿಗೆ ನಿಜವಾಗಿಯೂ ಅನುಕೂಲವಾಯಿತು. ಕಾಲು ಚಾಚಿ ಕೂತರು. ಎಲ್ಲರೂ ಗಾಡಿ ಏಳುವುದನ್ನು ಕಾಯ್ದರು. ಗಾಡಿ ಏಳಲಿಲ್ಲ. ಅದರ ಮುಂದಿನ ಹಲಗೆಯಲ್ಲಿ ಕೆಂಪು ಹಳದಿ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ರತ್ನಾಬಾಯಿ ಕೈಮುಗಿದರು.

“ಅವ್ವಾ, ಇಳೀ,” ಎಂದ ಪಾರಿಸಣ್ಣ.

ಇಳಿಯಲು ಬಾಗಿಲು ತೆರೆಯಲಿಲ್ಲ. ಕಿಟಕಿಯ ಗಾಜು ಇಳಿಸಿದೆ. ಅದು ಬಾಗಿಲೊಳಗೆ ಧಡ್ ಎಂದು ಬಿದ್ದು ಮತ್ತೆ ಮೇಲೆ ಬರಲಿಲ್ಲ. ರತ್ನಾಬಾಯಿಯವರನ್ನು ಕಿಟಕಿಯಿಂದಲೇ ತೆಗೆಯಬೇಕಾಯಿತು. ಪಾರಿಸಣ್ಣ ಅವ್ವನನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅದು ಕೆಟ್ಟ ಲಕ್ಷಣ. ನನ್ನ ಗಾಡಿಯನ್ನು ಒಂದು ಟ್ರಕ್ಕಿನ ಮೇಲೆ ಹೇರಿಕೊಂಡು ಮಿರಜಿಗೆ ಒಯ್ದರು. ನಾನು ಟ್ರಕ್ಕಿನಲ್ಲಿ ಡ್ರೈವರನ ಪಕ್ಕ ಕೂತೆ. ಊರು ದಾಟುವವರೆಗೂ ಎಡಗಡೆ ನೋಡಲಿಲ್ಲ, ಬಲಗಡೆ ನೋಡಲಿಲ್ಲ.

ಮಿರಜಿನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ದವಾಖಾನೆ. ಸುತ್ತಲಿನ ಜಿಲ್ಲೆಗಳ ಜನ, ಗಡಿಯಾಚೆಯ ಜನ ಎಲ್ಲ ಅಲ್ಲಿಗೇ ಬರುತ್ತಾರೆ. ಆದ್ದರಿಂದ ಆ ಊರಿನ ಗ್ಯಾರೇಜುಗಳೂ ಅದೇ ರೀತಿಯಲ್ಲಿ ನಡೆಯುವುದು ಸಹಜ. ಪರದೇಶದ ಗಾಡಿಗಳಿಗೆ ಅಲ್ಲಿ ತುಷಾರ ಎಂಬವನು ಇದ್ದಾನೆ. ಬಿಳಿ ಕೋಟು ಹಾಕುತ್ತಾನೆ. ಕಲೆ ಒಂದೂ ಇರುವುದಿಲ್ಲ, ಯಾಕೆಂದರೆ ಗಾಡಿಯನ್ನು ಅವನು ಮುಟ್ಟುವುದಿಲ್ಲ. ಬಾಗಿಲಲ್ಲಿ ಹಲಗೆ ಹಾಕಿದ್ದ.

ಸೂಚನೆ. ಗಾಡಿಯನ್ನು ನೋಡುವ ವೇಳೆ ಸಂಜೆ ನಾಲ್ಕರಿಂದ ಆರು. ಒಂದು ಗಾಡಿಯ ಬಳಿ ಇಬ್ಬರು ಸಂಬಂಧಿಕರಿಗೆ ಮಾತ್ರ ಪ್ರವೇಶ. ಗಾಡಿಯ ಎದುರು ಖರ್ಚಿನ ಮಾತು ಆಡತಕ್ಕದ್ದಲ್ಲ. ಹೊರಗಿನ ಎಣ್ಣೆ ಕುಡಿಸತಕ್ಕದ್ದಲ್ಲ. ಅಳುವವರು ಗೇಟಿನ ಹೊರಗೆ ಅಳತಕ್ಕದ್ದು.

“ಪೇಶಂಟ್‌ದ ವಯಸ್ಸು ಎಷ್ಟರಿ, ಕಾಕಾ?” ತುಷಾರ ಕೇಳಿದ.

“ಹದಿನಾಲ್ಕು.”

“ಮನಷ್ಯಾರ ಲೆಕ್ಕದಾಗ ನಿಮ್ಮಷ್ಟ ಆತು. ಮೊದಲ ಎಲ್ಲಿ ಇತ್ತು?”

“ಹಲ್ಲಿನ ಡಾಕ್ಟರರ ಹತ್ತಿರ.”

“ಹಾಂ,” ಎಂದು ತುಷಾರ ಗಾಡಿಯ ನಂಬರು ನೋಡಿದ. “ಅವರು ಇಲ್ಲಿ ಭಾಳ ವರ್ಷ ಬರತಿದ್ದರು. ಕಡೀಕ ಕೈ ಚೆಲ್ಲಿದರು.”

ಗಾಡಿಗೆ ಕಂಪ್ಯೂಟರ್ ಹಚ್ಚಿದರು. ವರದಿ ಬಂತು. ಹಿಡಿದು ನಿಂತರೆ ಕೆಳಗಿನ ತುದಿ ನನ್ನ ಚಪ್ಪಲಿಗೆ ತಾಗುತ್ತಿತ್ತು. ಗಾಳಿ ಚೀಲ ಹರಿದಿವೆ. ಅವುಗಳಿಗೆ ಗಾಳಿ ಊದುವ ಪಂಪು ಊದಿ ಊದಿ ಸುಟ್ಟಿದೆ. ಇಂಜಿನ್ ಎಣ್ಣೆ ಸೋರುತ್ತದೆ. ಗಾಜಿನ ಮಾಡಿನಿಂದ ಮಳೆ ನೀರು ಇಳಿದು ಸೀಟಿನ ಕೆಳಗಿನ ಕಂಪ್ಯೂಟರ್ ತೊಯ್ದಿದೆ, ಆ ಕಂಪ್ಯೂಟರಿನ ಮಾತು ಕೇಳಿ ಗೇರ್‌ಬಾಕ್ಸು ತಲೆ ಕೆಡಿಸಿಕೊಂಡಿದೆ. ಪ್ಲಾಸ್ಟಿಕ್ಕಿನದೆಲ್ಲ ಮುಟ್ಟಿದರೆ ಹಪ್ಪಳ.

“ಇದು ನಿಮ್ಮ ತಪ್ಪ ಅಲ್ಲ. ಈ ಖಾನದಾನದಾಗ ಇದು ವಂಶಪಾರಂಪರ್ಯ,” ಎಂದು ತುಷಾರ ಸಮಾಧಾನ ಹೇಳಿದ. “ಟೆನ್ಶನ್ ಘೇಊ ನಕಾ, ಚಿಂತಿ ಮಾಡಬ್ಯಾಡ್ರಿ. ಅಡ್ಮಿಟ್ ಮಾಡ್ರಿ.”

ಖರ್ಚು ಕೇಳಬೇಕಾಗಿತ್ತು. ಗಾಡಿಯ ಎದುರು ಕೇಳುವಂತಿಲ್ಲ. ನಾನು ಹೆಗಲ ಮೇಲಿನ ಟವೆಲ್ ತೆಗೆದೆ. ನಮ್ಮ ಹಿರಿಯರು ಪೇಟೆಯಲ್ಲಿ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಕೈ ಮೇಲೆ ಬಟ್ಟೆ ಹೊದಿಸಿ, ಕೆಳಗೆ ಬೆರಳು ಒತ್ತಿ ಹೇಳುತ್ತಿದ್ದರು. ಈಗ ಎಲ್ಲ ಕೂಗುತ್ತಾರೆ. ನನಗೆ ಹಳೆಯ ರೂಢಿ ಬಿಟ್ಟಿಲ್ಲ. ತುಷಾರನಿಗೆ ಹೇಳಿಕೊಟ್ಟೆ. ಚುರುಕು ಮನುಷ್ಯ, ಕೂಡಲೇ ಕಲಿತ. ಒಂದು ಕೈ ಒತ್ತಿದ. ಎರಡನೆಯ ಕೈಯನ್ನೂ ಟವೆಲ್ ಕೆಳಗೆ ತಂದ. ಆಮೇಲೆ ಬೆರಳು ಸಾಲದೆ ನನ್ನವನ್ನೇ ಕಡ ತೆಗೆದುಕೊಂಡ.

ಸುದ್ದಿ ಕೇಳಿ ಮಿರಜಿಗೆ ಬಂದಿದ್ದ ಬಾಳವ್ವ ಪಕ್ಕದ ಬೆಂಚಿನ ಮೇಲಿದ್ದಳು.

“ಎಷ್ಟಂತ್ರಿ?”

“ಸ್ವಲ್ಪ.”

“ಸ್ವಲ್ಪ ಅಂದ್ರ ಮುಖಾ ಯಾಕ ಹಂಗ ಆತು?”

ನಾನು ಗೇಟಿನ ಹೊರಗೆ ಹೋಗಿ ಬಂದೆ. ಅಲ್ಲಿ ಮೊದಲೇ ಇಬ್ಬರು ಇದ್ದರು.

ಡಿಗ್ರಜದವರು ಕಂಡದ್ದು ಕಂಡರು, ಅಡ್ಮಿಟ್ ಆದ ಸಂಗತಿಯನ್ನಾದರೂ ಗುಟ್ಟಾಗಿಡುವುದು ನನ್ನ ಲೆಕ್ಕವಾಗಿತ್ತು. ರಿಪೇರಿ ಮುಗಿಸಿ, ಪಾರಿಸಣ್ಣನ ಅರಿಶಿನ ಒಣಗುವ ಮುಂಚೆ ಗಾಡಿ ಓಡಿಸಿ ತೋರಿಸಬೇಕು. ಆದರೆ ಮಿರಜಿನಲ್ಲಿ ಪ್ರತಿ ಊರಿನ ಒಬ್ಬರಾದರೂ ಯಾವಾಗಲೂ ಯಾವುದೋ ದವಾಖಾನೆಯಲ್ಲಿ ಇರುತ್ತಾರೆ. ಅವರನ್ನು ನೋಡಲು ಹತ್ತು ಜನ ಬರುತ್ತಾರೆ. ಮೂರನೆಯ ದಿನಕ್ಕೆ ಗುರುಬಸಪ್ಪ ಸಾವಕಾರರ, ಎಂದರೆ ನನ್ನ, ಗಾಡಿ ಅಡ್ಮಿಟ್ ಆಗಿದೆ ಎಂಬ ಸುದ್ದಿ ಮಾಲಗಾಂವ ದಾಟಿ ಖಂಡೇರಾಜುರಿ ಮುಟ್ಟಿತ್ತು.

ಅಡ್ಮಿಟ್ ಆದವರನ್ನು ನೋಡಲು ಹೋಗಲೇಬೇಕು. ಇದು ನಮ್ಮ ಕಡೆಯ ಪದ್ಧತಿ. ಯಾರನ್ನು ಎಂಬುದು ಮುಖ್ಯವಲ್ಲ. ಹೋಗದಿದ್ದರೆ ಹೋಗಲಿಲ್ಲ ಎನ್ನುತ್ತಾರೆ.

ಜನ ಬಂದರು. ಎಳನೀರು ತಂದರು, ಬಿಸ್ಕಿಟ್ ಪುಡಿಕೆ ತಂದರು, ಮೋಸಂಬಿ ತಂದರು. ಬಾಳವ್ವ ಎಲ್ಲವನ್ನೂ ಚೀಲದಲ್ಲಿ ಇಟ್ಟುಕೊಂಡಳು. ನಾನು ಬೆಂಚಿನ ಮೇಲೆ ಕೂತು ಕೇಳಿದ್ದಕ್ಕೆ ಉತ್ತರ ಕೊಟ್ಟೆ.

“ಹೆಂಗೈತ್ರಿ?”

“ಹಂಗ ಐತಿ.”

“ಏನರ ತಗೋತೈತೇನು?”

“ಎಣ್ಣಿ ಕುಡೀತೈತಿ.”

“ಕುಡದದ್ದು ಹೊಟ್ಟ್ಯಾಗ ನಿಲ್ತೈತ್ರಿ?”

“ಇಲ್ಲ. ಕೆಳಗ ಬಿಡ್ತೈತಿ.”

“ಅಯ್ಯ ಪಾಪ. ನಮ್ಮ ಮಾವಗೂ ಹಂಗ ಆಗಿತ್ತು,” ಎಂದು ಅವರು ಮಾವನ ಕಥೆ ಹೇಳಿ ಎದ್ದು ಹೋಗುತ್ತಿದ್ದರು.

ನಡುವೆ ಗಾಡಿಯಲ್ಲಿ ಒಂದು ಸದ್ದು ಕಾಣಿಸಿಕೊಂಡಿತು. ಇಂಜಿನ್ ಹಚ್ಚಿದರೆ ಒಳಗೆಲ್ಲೋ ಜುಂಯ್ ಎನ್ನುತ್ತಿತ್ತು. ತುಷಾರನಿಗೆ ಜಾಗ ಸಿಗಲಿಲ್ಲ. ತಜ್ಞರನ್ನು ಕರೆಸಬೇಕು, ಅವರ ಫೀ ಬೇರೆ ಎಂದ. ಒಪ್ಪಿದೆ. ತಜ್ಞರೆಂದರೆ ಮಿರಜಿನ ಸಿತಾರ ಗಲ್ಲಿಯಲ್ಲಿ ಸಿತಾರ ಮಾಡುವ ಒಬ್ಬ ಹಿರಿಯ ಕಾರೀಗರರು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಚಾಚಾ ಬಾನೆಟ್ಟಿನ ಮೇಲೆ ಕಿವಿಯಿಟ್ಟರು. ಕಣ್ಣು ಮುಚ್ಚಿದರು.

“ಪಂಚಮ,” ಎಂದರು. “ಶುದ್ಧ ಪಂಚಮ. ಕೈ ಹಚ್ಚಬ್ಯಾಡ್ರಿ. ಇಂಥಾದ್ದು ಮಾಡಂದ್ರ ಈಗ ಯಾರೂ ಮಾಡೂದಿಲ್ಲ.”

ಫೀ ತೆಗೆದುಕೊಂಡು ಹೋದರು. ಸದ್ದನ್ನು ಹಾಗೆಯೇ ಉಳಿಸಿಕೊಳ್ಳಲು ತೀರ್ಮಾನವಾಯಿತು. ಉಳಿಸಿಕೊಂಡದ್ದಕ್ಕೂ ಬಿಲ್ಲಿನಲ್ಲಿ ಒಂದು ಬೆರಳು ಸೇರಿತು.

ಕೊನೆಗೆ ಒಂದು ಸಂಜೆ ಪಾರಿಸಣ್ಣ ಬಂದ. ಅವನ ಕೈಯಲ್ಲಿ ಎಳನೀರು ಇರಲಿಲ್ಲ. ನನಗೆ ಅರ್ಥವಾಯಿತು. ವಿಚಾರ ಮುಗಿಸಿ ಬಂದಿದ್ದಾನೆ.

ಕೈ ಹಿಂದೆ ಕಟ್ಟಿಕೊಂಡು ಗಾಡಿಯನ್ನು ಒಂದು ಸುತ್ತು ಹಾಕಿದ. ಅದರ ಗಾಲಿ ಬಿಚ್ಚಿದ್ದರು, ಬಾಗಿಲು ಬಿಚ್ಚಿದ್ದರು, ಸೀಟು ಹೊರಗೆ ಬಿಸಿಲಿಗೆ ಹಾಕಿದ್ದರು. ಪಾರಿಸಣ್ಣ ಅದೇ ಸೀಟಿನ ಮೇಲೆ ಕೂತ.

“ಅವ್ವಾರು ಹೆಂಗ ಅದಾರ?” ಎಂದೆ.

“ಅರಾಮ. ಕಿಟಕ್ಯಾಗಿಂದ ಇಳಿದದ್ದ ಊರತುಂಬ ಹೇಳ್ಕೋತ ಅಡ್ಡಾಡತಾಳ.” ಆಮೇಲೆ ಕೇಳಿದ. “ಖರ್ಚ ಎಷ್ಟ ಆತ್ರಿ ಸಾವಕಾರ?”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಟವೆಲ್ ತೆಗೆದೆ. ಟವೆಲಿನ ಕೆಳಗೆ ಸುಳ್ಳು ಹೇಳಬಾರದೆಂಬುದು ಪೇಟೆಯ ಧರ್ಮ. ಸುಳ್ಳಿಗೆ ಬಾಯಿ ಇದೆ. ಇದ್ದದ್ದನ್ನು ಇದ್ದ ಹಾಗೆ ಒತ್ತಿದೆ. ಅವನು ಕೈ ಎಳೆದುಕೊಳ್ಳಲು ಹೋದ. ಹಿಡಿದುಕೊಂಡೆ, ಇನ್ನೂ ಮುಗಿದಿರಲಿಲ್ಲ.

ಮುಗಿದ ಮೇಲೆ ಪಾರಿಸಣ್ಣ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.

“ಇಷ್ಟ ಕೊಟ್ಟು ಮತ್ತ ನೀವು ಮನ್ಯಾಗ ಉಣ್ಣಾಕ್ಹತ್ತೀರಿ?”

“ಎರಡ ಹೊತ್ತು.”

“ತುಪ್ಪ?”

“ಹಾಕ್ಕೋತೇನಿ.”

ತುಪ್ಪದ ಮಾತು ಟವೆಲಿನ ಹೊರಗಿನದು.

ಪಾರಿಸಣ್ಣ ಗಾಡಿಯ ಕಡೆ ನೋಡಿದ. ಕೆಳಗಿಟ್ಟ ಡಬ್ಬಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು.

“ನಾ ಹುಚ್ಚ ಅದೇನ್ರಿ ಸಾವಕಾರ. ಹರ್ಷದನ ಗಾಡಿ ಒಂದ ದಿನಾ ನಿಂತಿಲ್ಲ. ಓಡೂ ಗಾಡಿಯಂವನ ಗಂಟು ಎಷ್ಟೈತಿ ಅಂತ ಯಾರಿಗೆ ತಿಳೀತೈತಿ? ಕಂತಿನ ಮ್ಯಾಲ ಯಾವನರೇ ಓಡಸ್ತಾನ. ಇದನ್ನ ನಿಂದ್ರಿಸಿ ಸಾಕಾಕ ದೊಡ್ಡ ಮನಿತನಾನ ಬೇಕು.”

“ಓಡಿ ಹೋಗೂ ಅಂಜಿಕಿ?” ಎಂದಳು ಬಾಳವ್ವ ಬೆಂಚಿನಿಂದ.

“ಇದನ್ನ ಬಿಟ್ಟ ಎಲ್ಲಿ ಹೋಗ್ತಾರವ್ವಾ?” ಎಂದ ಪಾರಿಸಣ್ಣ.

ಮರುವಾರ ಅವನ ಅರಿಶಿನ ನಮ್ಮ ಅಂಗಡಿಯಲ್ಲಿ ಇಳಿಯಿತು. ಅದರ ಹಿಂದೆ ಡಿಗ್ರಜದ್ದೆಲ್ಲ ಬಂತು. ಚೀಲ ಇಡಲು ಜಾಗ ಸಾಲದೆ ಗಾಡಿಗೆಂದು ಕಟ್ಟಿಸಿದ್ದ ಶೆಡ್ಡಿನಲ್ಲೂ ಇಡಬೇಕಾಯಿತು. ಗಾಡಿ ಇಲ್ಲದಿದ್ದುದರಿಂದ ಅದು ಸಾಧ್ಯವಾಯಿತು.

ಅಷ್ಟರಲ್ಲಿ ಆಘಾತ ಬಂತು. ತುಷಾರ ಫೋನ್ ಮಾಡಿದ. ಪೇಶಂಟು ಎದ್ದು ನಿಂತಿದೆ, ಒಂದು ಸುತ್ತು ಓಡಿಯೂ ಬಂದಿದೆ, ಡಿಸ್ಚಾರ್ಜ್ ಕೊಡುತ್ತೇನೆ ಎಂದ. ಸುದ್ದಿ ನನಗಿಂತ ಮೊದಲು ಪಾರಿಸಣ್ಣನಿಗೆ ಮುಟ್ಟಿತ್ತು. ಅಂಗಡಿಗೆ ಬಂದ. ಚಹಾ ಬೇಡವೆಂದ.

“ಅರಾಮ ಆತಂತ?”

“ಆತಂತ.”

“ಹಂಗಾರ ಇನ್ನ ಮ್ಯಾಲ ಖರ್ಚ ಇಲ್ಲ?” ಅವನ ಕಣ್ಣು ತನ್ನ ಚೀಲಗಳ ಕಡೆ ಹೋಯಿತು.

ನಾನೂ ಬಾಳವ್ವನೂ ಆಗಲೇ ಮಿರಜಿಗೆ ಓಡಿದೆವು. ಸ್ಕೂಟರಿನ ಮೇಲೆ.

“ಇಷ್ಟ ಲಗೂ ಡಿಸ್ಚಾರ್ಜ್ ಯಾಕ?” ಎಂದು ಬಾಳವ್ವ ತುಷಾರನ ಮೇಲೆ ಹರಿಹಾಯ್ದಳು. “ವಯಸ್ಸಾದ ಜೀವ. ಪೂರಾ ತಪಾಸಣಿ ಮಾಡೀಯೇನು?”

ತುಷಾರ ಕೋಟಿನ ಗುಂಡಿ ಹಾಕಿಕೊಂಡು ನಕ್ಕ. “ಕಾಕೂ, ಹತ್ತು ಮಿನಿಟ್ ಕುಂದರ್ರಿ. ಈ ಗಾಡ್ಯಾಗ ಒಂದ ರಿಪೇರಿ ಮಾಡಿದ್ರ ಎರಡ ಎದ್ದ ಬರ್ತಾವ. ಅದು ಕಂಪನಿ ಗ್ಯಾರಂಟಿ.”

ಕೂತೆವು. ಚಹಾ ಬರುವ ಮೊದಲೇ ಗಾಡಿ ಉಸ್ ಎಂದಿತು. ಆಮೇಲೆ ಮುಂದಿನಿಂದ ಹಬೆ ಬಂತು. ಬಾಳವ್ವ ಕಣ್ಣು ಮುಚ್ಚಿ ಕೈಮುಗಿದಳು. ನಾನು ಪಾರಿಸಣ್ಣನಿಗೆ ಫೋನ್ ಮಾಡಿ ಮತ್ತೆ ಅಡ್ಮಿಟ್ ಎಂದೆ. ಆ ಕಡೆಯಿಂದ ನೆಮ್ಮದಿಯ ಉಸಿರು ಕೇಳಿಸಿತು.

ಹರ್ಷದ ಜಾಣ. ಹಂಗಾಮು ಮುಗಿಯುವುದರೊಳಗೆ ಬಿಳಿ ಗಾಡಿ ಮಾರಿದ. ನನ್ನದಕ್ಕಿಂತ ಹಳೆಯದೊಂದನ್ನು ಕೊಲ್ಹಾಪುರದಿಂದ ಎಳೆಸಿಕೊಂಡು ಬಂದ. ಈಗ ಅದು ನನ್ನ ಗಾಡಿಯ ಪಕ್ಕದಲ್ಲೇ ಇದೆ. ಪೇಟೆಯ ಅಡತಿ ಮಂಡಳಿಯೂ ಸಭೆ ಸೇರಿ ಠರಾವು ಪಾಸು ಮಾಡಿತು. ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ.

ಹೊಸದಾಗಿ ಅಡತಿ ಅಂಗಡಿ ತೆರೆಯುವವರು ತಮ್ಮ ಗಾಡಿ ಕನಿಷ್ಠ ಒಂದು ಹಂಗಾಮು ನಿಂತಿರುವ ಬಗ್ಗೆ ಗ್ಯಾರೇಜಿನ ದಾಖಲೆ ಹಾಜರುಪಡಿಸತಕ್ಕದ್ದು. ಓಡುವ ಗಾಡಿಯನ್ನು ಪತದ ಪುರಾವೆಯಾಗಿ ಸ್ವೀಕರಿಸಲಾಗುವುದಿಲ್ಲ. ಪೇಟೆಯ ಗೇಟಿನಲ್ಲಿ ಎಳೆದು ತಂದ ಗಾಡಿಗೆ ಮೊದಲು ದಾರಿ ಬಿಡತಕ್ಕದ್ದು, ದೂಡಿ ತಂದ ಗಾಡಿಗೆ ಅದರ ನಂತರ. ತಾನಾಗಿ ಓಡಿ ಬಂದವರು ಕಾಯತಕ್ಕದ್ದು.

ಯಾರೂ ವಿರೋಧಿಸಲಿಲ್ಲ. ವಿರೋಧಿಸುವವರಿದ್ದರು, ಗೇಟಿನಲ್ಲಿ ಕಾಯುತ್ತಿದ್ದರು.

ಸಂಜೆ ನಾಲ್ಕಕ್ಕೆ ನಾನೂ ಬಾಳವ್ವನೂ ಮಿರಜಿಗೆ ಹೋಗುತ್ತೇವೆ. ಬೆಂಚಿನ ಮೇಲೆ ಹರ್ಷದ ಮೊದಲೇ ಬಂದು ಕೂತಿರುತ್ತಾನೆ. ಸರಿದು ಜಾಗ ಕೊಡುತ್ತಾನೆ.

“ಕಾಕಾ, ನಿಮ್ಮದಕ್ಕ ಇವತ್ತ ಏನಂದ್ರು?”

“ಗೇರ್‌ಬಾಕ್ಸ್.”

“ನಸೀಬವಂತ್ರು ನೀವು. ನಮ್ಮದರದು ಬರೇ ಬ್ಯಾಟರಿ.”

“ಧೀರಜ ಇರ್ಲಿ. ಆಗ್ತೈತಿ,” ಎನ್ನುತ್ತೇನೆ. ಬಾಳವ್ವ ಅವನಿಗೊಂದು ಮೋಸಂಬಿ ಕೊಡುತ್ತಾಳೆ.

ಆರಕ್ಕೆ ಏಳುತ್ತೇವೆ. ಸ್ಕೂಟರನ್ನು ಗೇಟಿನಾಚೆ ಬೇವಿನ ಗಿಡದ ಹಿಂದೆ ನಿಲ್ಲಿಸಿರುತ್ತೇನೆ. ಇಪ್ಪತ್ತು ವರ್ಷದ್ದು. ಒಂದೇ ಒದೆತಕ್ಕೆ ಶುರುವಾಗುತ್ತದೆ. ಪೇಟೆಯಲ್ಲಿ ಇದು ಯಾರಿಗಾದರೂ ತಿಳಿದರೆ ನಾನು ಮುಳುಗಿದಂತೆ. ಆದ್ದರಿಂದ ಅದನ್ನು ಶುರು ಮಾಡದೆ ರಸ್ತೆಯ ತಿರುವಿನವರೆಗೂ ದೂಡಿಕೊಂಡು ಹೋಗುತ್ತೇವೆ. ನಾನು ಹ್ಯಾಂಡಲ್ ಹಿಡಿಯುತ್ತೇನೆ, ಬಾಳವ್ವ ಹಿಂದಿನಿಂದ ಒತ್ತುತ್ತಾಳೆ.

ಮೊನ್ನೆ ಪಾರಿಸಣ್ಣ ಎದುರಿಗೆ ಸಿಕ್ಕ. ಒಬ್ಬರನ್ನು ನೋಡಲು ಎಳನೀರು ಹಿಡಿದುಕೊಂಡು ಹೊರಟಿದ್ದ. ನಮ್ಮನ್ನು ಕಂಡು ನಿಂತ. ಸ್ಕೂಟರ್ ನೋಡಿದ. ನನ್ನ ಬೆವರು ನೋಡಿದ.

“ಇದೂ ನಿಂತಿತೇನ್ರಿ ಸಾವಕಾರ?”

“ನಿಂತಿತು,” ಎಂದೆ.

ಅವನು ಟೋಪಿ ತೆಗೆದು, ದಾರಿ ಬಿಟ್ಟು ಪಕ್ಕಕ್ಕೆ ನಿಂತ.